ಎದುರು ಬೆಂಚಿನ ಹಾಡು

ಅಡಿಕೆಗೆ ಹೋದ ಮಾನ ಅನ್ನುತ್ತಾರಲ್ಲ, ನಮ್ಮ ಸಭೆಯ ಮಾನ ಗಾಳಿಗೆ ಹೋಯಿತು. ಮಾತಿಗೆ ಹೇಳುತ್ತಿಲ್ಲ, ಫ್ಯಾನಿನ ಗಾಳಿಗೇ ಹೋಯಿತು. ಬೆಟಗೇರಿಯಲ್ಲಿ ನೇಕಾರರ ಓಣಿಯ ಹಿಂದೆ ಹೆಂಚಿನ ನಮ್ಮ ಕ್ರೈಸ್ತ ದೇವಾಲಯವಿದೆ. ಬೇಸಿಗೆಯಲ್ಲಿ ಅದರೊಳಗೆ ಕೂತರೆ ಪ್ರಸಂಗ ಮುಗಿಯುವಷ್ಟರಲ್ಲಿ ಬೆನ್ನಿನ ಸೀರೆ ತೊಯ್ದಿರುತ್ತದೆ. ನನ್ನ ಮಗಳ ಮಾವ ಸತ್ಯಮಿತ್ರಪ್ಪನವರು ತಮ್ಮ ತಾಯಿಯ ನೆನಪಿಗೆ ಒಂದು ದೊಡ್ಡ ಫ್ಯಾನು ಕೊಟ್ಟರು. ಕೊಟ್ಟವರು ಅದನ್ನು ತಮ್ಮ ಮನೆತನ ಕೂಡುವ ಬಲಗಡೆ ಬೆಂಚುಗಳ ಮೇಲೆಯೇ ತೂಗುಹಾಕಿಸಿದರು. ಅವರ ತಾಯಿ ಅಲ್ಲೇ ಕೂಡುತ್ತಿದ್ದರಂತೆ. ಹಾಗಾದರೆ ಎಡಗಡೆ ಕೂಡುವ ನಾವೇನು ತಾಯಿ ಇಲ್ಲದೆ ಹುಟ್ಟಿದವರೇ? ನಾವೂ ಒಂದು ತಂದು ಹಾಕಿದೆವು. ಎರಡೂ ಒಟ್ಟಿಗೆ ತಿರುಗಿದರೆ ಹಳೆಯ ವೈರು ತಡೆಯದೆ ಫ್ಯೂಸು ಹೋಗುತ್ತಿತ್ತು. ಅಲ್ಲಿಂದ ಶುರುವಾಯಿತು ನೋಡಿ, ಯಾರ ಫ್ಯಾನು ಹಚ್ಚಬೇಕು, ಯಾರದನ್ನು ಆರಿಸಬೇಕು ಎಂಬ ಜಗಳ.

ಸಭೆ ಕೂಡಿಸಿ ವಿಚಾರಣೆ ನಡೆಸಿದರು. ಸತ್ಯಮಿತ್ರಪ್ಪನವರ ಫ್ಯಾನು ಆರಿಸಿದವರು ಯಾರು ಎಂದು ಕೇಳಿದಾಗ ನನ್ನ ಮಗಳು ಕಲ್ಪನಾ ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದಳು. ಆರಿಸಿದ್ದು ನಾನೇ. ಅದು ಬೇರೆ ಮಾತು. ಹೆತ್ತವಳ ಕಡೆ, ಅದೂ ದೇವಾಲಯದಲ್ಲಿ, ಬೆರಳು ತೋರಿಸುವುದು ಯಾವ ಸೀಮೆ ನ್ಯಾಯ? ಅಂದಿನಿಂದ ಅವಳು ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ, ನಾನು ಅವಳದನ್ನು ತುಳಿಯಲಿಲ್ಲ. ನಡುವೆ ಇರುವುದು ಎರಡು ಓಣಿ ಅಷ್ಟೆ.

ಹೊಸದಾಗಿ ಬಂದಿದ್ದ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಮೆತ್ತನೆಯ ಮನುಷ್ಯ. ಸಮಾಧಾನಕ್ಕೆಂದು ಆರಾಧನೆಯನ್ನು ಎರಡು ಮಾಡಿದರು. ರವಿವಾರ ಮುಂಜಾನೆ ಎಡಗಡೆಯವರಿಗೆ ಒಂದು, ಅವರು ಹೊರಬಿದ್ದ ಮೇಲೆ ಬಲಗಡೆಯವರಿಗೆ ಇನ್ನೊಂದು. ಅವರವರ ಹೊತ್ತಿಗೆ ಅವರವರ ಫ್ಯಾನು. ಎಲ್ಲರೂ ತಲೆಯಾಡಿಸಿದರು. ಹಾಡಿನ ವಿಷಯ ಆಗ ಯಾರ ತಲೆಗೂ ಹೊಳೆಯಲಿಲ್ಲ.

ನಮ್ಮಲ್ಲಿ ಒಂದು ಹಾಡಿದೆ. ಅಜ್ಜಂದಿರ ಕಾಲದಲ್ಲಿ ಎದುರುಬದುರು ಮಗ್ಗದಲ್ಲಿ ಕೂತು ಹಾಡುತ್ತಿದ್ದದ್ದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿ ಅಡ್ಡಕ್ಕೆ ಒಯ್ಯುವ ಎಳೆ ಹೊಕ್ಕು. ಹಾಡಿನಲ್ಲೂ ಹಾಗೆಯೇ, ಹಾಸಿನ ಸಾಲು ಎಡಗಡೆಯವರದು, ಹೊಕ್ಕಿನ ಸಾಲು ಬಲಗಡೆಯವರದು. ಆಶೀರ್ವಾದ ಆದ ಮೇಲೆ ಹಾರ್ಮೋನಿಯಂ ಮುಚ್ಚಿ, ಎಲ್ಲರೂ ನಡುದಾರಿಯ ಕಡೆ ಮುಖ ಮಾಡಿ ನಿಂತು, ಮಗ್ಗದ ಹಲಗೆ ತುಳಿದಂತೆ ಹಾಸುಗಲ್ಲಿನ ಮೇಲೆ ಕಾಲು ಬಡಿಯುತ್ತ ಹಾಡುತ್ತೇವೆ. "ಎಳೆ ನಾನು, ನೇಯುವವ ನೀನು" ಎಂದು ನಾವು ಅಂದರೆ, "ಹರಿದಲ್ಲಿ ಗಂಟಿಕ್ಕು, ಕರ್ತನೇ" ಎಂದು ಅವರು. ಯಾವ ಮನೆಯಲ್ಲಿ ಹುಟ್ಟಿದೆಯೋ ಆ ಸಾಲು ನಿನ್ನದು. ಹೆಣ್ಣುಮಕ್ಕಳು ಮದುವೆಯಾಗಿ ನಡುದಾರಿ ದಾಟಿದರೆ ಸಾಲು ಬದಲಾಗುತ್ತದೆ. ಕಲ್ಪನಾ ದಾಟಿದ ದಿನ ನಾನು ಸೆರಗಿನಿಂದ ಮೂಗು ಒರೆಸಿಕೊಂಡಿದ್ದೆ.

ಎರಡು ಆರಾಧನೆಯಾದ ಮೊದಲ ರವಿವಾರ ಹಾಡಿನ ಹೊತ್ತು ಬಂತು. ನಮ್ಮ ಸಾಲು ಹಾಡಿದೆವು. ಮುಂದಿನದು ಅವರ ಸಾಲು, ಎದುರಿಗೆ ಖಾಲಿ ಬೆಂಚು. ಅಯ್ಯನವರು ಆ ಸಾಲನ್ನೂ ನೀವೇ ಹಾಡಿ ಎಂದು ಕೈಸನ್ನೆ ಮಾಡಿದರು. ನನ್ನ ಪಕ್ಕದ ರೂತವ್ವ ಕೇಳುವ ಹಾಗೆಯೇ ಅಂದಳು, "ಅವರ ಸಾಲು ನಾವ್ಯಾಕ ಹಾಡಬೇಕ್ರಿ? ನಮಗೇನು ದರ್ದೈತಿ?" ಹೀಗಾಗಿ ಯಾರೂ ಹಾಡಲಿಲ್ಲ. ಕಾಲು ಬಡಿಯುತ್ತ ಒಂದು ಸಾಲಿನಷ್ಟು ಹೊತ್ತು ಬಾಯಿ ಮುಚ್ಚಿ ನಿಂತೆವು, ಆಮೇಲೆ ನಮ್ಮ ಎರಡನೇ ಸಾಲು ಎತ್ತಿಕೊಂಡೆವು. ಎರಡನೇ ಆರಾಧನೆಯಲ್ಲಿ ಅವರೂ ಹಾಗೆಯೇ ಮಾಡಿದರಂತೆ, ನಮ್ಮ ಸಾಲಿಗೆ ಸುಮ್ಮನೆ ನಿಂತು ತಮ್ಮದನ್ನಷ್ಟೇ ಹಾಡಿದರಂತೆ. ಹಟದಲ್ಲಿ ಮಾತ್ರ ನಮ್ಮ ಸಭೆ ಯಾವತ್ತೂ ಒಂದೇ.

ಕೆಲವು ವಾರ ಹೀಗೇ ನಡೆಯಿತು. ಒಂದು ರವಿವಾರ ನಾವು ಬಾಯಿ ಮುಚ್ಚಿ ನಿಂತಿದ್ದಾಗ ಎದುರುಗಡೆಯಿಂದಲೂ ಕಾಲು ಬಡಿಯುವ ಸದ್ದು ಕೇಳಿಸಿತು. ನಮ್ಮ ಸದ್ದೇ ಗೋಡೆಗೆ ಬಡಿದು ಬಂದಿರಬೇಕು ಅಂದುಕೊಂಡೆ. ಮುಂದಿನ ವಾರ ಕಾಲಿನ ಜೊತೆ ಗುನುಗು. ಅದರ ಮುಂದಿನ ವಾರ ಮಾತು ಬಿಡಿಸಿ ಕೇಳುವಷ್ಟು ಸ್ಪಷ್ಟವಾಗಿ, ಹಗಲು ಬೆಳಕಿನಲ್ಲಿ, ಕಿಟಕಿಯ ಬಿಸಿಲು ಬಿದ್ದು ಧೂಳು ಕಾಣುತ್ತಿದ್ದ ಆ ಖಾಲಿ ಬೆಂಚುಗಳಿಂದ, "ಹರಿದಲ್ಲಿ ಗಂಟಿಕ್ಕು, ಕರ್ತನೇ." ಅದರಲ್ಲಿ ಒಂದು ದನಿ ಸತ್ಯಮಿತ್ರಪ್ಪನವರ ತಾಯಿಯದು. ಫ್ಯಾನಿನ ಮುದುಕಿ. ಅವಳಿಗೆ ಹಲ್ಲಿರಲಿಲ್ಲ, "ಗಂಟಿಕ್ಕು" ಅನ್ನುವಾಗ ಬಾಯಿಂದ ಗಾಳಿ ಹೋಗುತ್ತಿತ್ತು. ಅವಳನ್ನು ಮಣ್ಣು ಮಾಡಿದಾಗ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದವಳು.

ಆರಾಧನೆ ಮುಗಿದು ಹೊರಗೆ ಬಂದೆವು. ಈ ಸಲ ಅಂತೂರ ಬೆಂತೂರದ ಕಡೆ ಉಳ್ಳಾಗಡ್ಡಿ ಚೊಲೊ ಬಂದೈತಿ ಎಂದು ರೂತವ್ವ ಅಂದಳು, ಹೌದು ಹೌದು ಎಂದು ಎಲ್ಲರೂ ಅಂದೆವು. ಕಂಪೌಂಡಿನ ಹೊರಗೆ ಆಟೋ ನಿಲ್ಲಿಸಿಕೊಂಡು ಕೂಡುವ ಮೊಹಸಿನ ಮಾತ್ರ ನನ್ನನ್ನು ಕೂರಿಸಿಕೊಳ್ಳುವಾಗ ಕೇಳಿದ, "ಯಕ್ಕಾ, ನಿಮ್ಮಲ್ಲಿ ಈಗ ಮಂದಿ ಭಾಳ ಆಗ್ಯಾರೇನು? ಹಾಡು ಮೊದಲಿಗಿಂತಾ ಜೋರ ಕೇಳ್ತೈತಿ."

"ಹೂಂ," ಅಂದೆ.

ಅಷ್ಟಕ್ಕೇ ನಿಂತಿದ್ದರೆ ಸತ್ತವರು ಹಾಡಲಿ ಬಿಡು, ಅವರಿಗೂ ಬೇಸರ ಇರುತ್ತದೆ ಅಂದುಕೊಂಡು ನಾವು ಸುಮ್ಮನಿರುತ್ತಿದ್ದೆವೋ ಏನೋ. ಆದರೆ ಒಂದು ವಾರ ಆ ದನಿಗಳ ನಡುವೆ ದೇವದಾನಪ್ಪನ ದನಿ ಬಂತು. ಮೂಗಿನಲ್ಲಿ ಹಾಡುವವನು, ತಪ್ಪುವ ಮಾತೇ ಇಲ್ಲ. ದೇವದಾನಪ್ಪ ಬಲಗಡೆಯವನು ನಿಜ, ಆದರೆ ಸತ್ತವನಲ್ಲ. ಅದೇ ಮುಂಜಾನೆ ಚಹಾದಂಗಡಿಯ ಮುಂದೆ ನಿಂತು ಬಸಿಯಲ್ಲಿ ಚಹಾ ಊದಿ ಕುಡಿಯುತ್ತಿದ್ದವನನ್ನು ನಾನು ಕಣ್ಣಾರೆ ಕಂಡಿದ್ದೆ. ಮುಂದಿನ ರವಿವಾರ ಬರುವ ಮುಂಚೆ ಅವನು ಕುರ್ಚಿಯಲ್ಲಿ ಕೂತಲ್ಲೇ ಹೋದ. ಅವನ ಬೆನ್ನಿಗೆ ಅದೇ ಕಡೆಯ ಎಸ್ತೇರವ್ವ. ಅವಳ ದನಿಯೂ ಮೊದಲು ಬಂತು, ಸಾವಿನ ಖಬರು ಆಮೇಲೆ ಬಂತು.

ರೂತವ್ವ ನನ್ನ ಕಿವಿಯ ಹತ್ತಿರ ಬಂದು, "ಅವರ ಕಡೆಯವರನ್ನಷ್ಟ ಕರೀತಾವ ಬಿಡ ರಾಹೇಲವ್ವ," ಅಂದಳು. ಅವಳ ಮುಖದಲ್ಲಿ ಸಮಾಧಾನವಿತ್ತು. ಆ ಸಮಾಧಾನ ನೋಡಿ ನನಗೆ ದನಿಗಳಿಗಿಂತ ಹೆಚ್ಚು ಹೆದರಿಕೆಯಾಯಿತು. ನಮ್ಮ ಕಡೆಯ ಕರುಣಪ್ಪನೂ ಆ ತಿಂಗಳೇ ತೀರಿಕೊಂಡಿದ್ದ. ಸಕ್ಕರೆ ಕಾಯಿಲೆ ಅಂದುಕೊಂಡಿದ್ದೆವು.

ಆಮೇಲಿನ ಒಂದು ರವಿವಾರದ ಮಾತು. ಮೊದಲ ಚರಣ. ನಮ್ಮ ಸಾಲು ಮುಗಿಯಿತು, ಎದುರು ಬೆಂಚು ಎತ್ತಿಕೊಂಡಿತು. "ಹರಿದಲ್ಲಿ ಗಂಟಿಕ್ಕು, ಕರ್", ಅಲ್ಲಿ ಸಣ್ಣದೊಂದು ಉಸಿರು, "ತನೇ."

ಆ ಉಸಿರನ್ನು ನಾನು ಬಲ್ಲೆ. ಕಲ್ಪನಾಗೆ ಸಣ್ಣವಳಿದ್ದಾಗ ನಾಯಿಕೆಮ್ಮು ಬಂದು ಒಂದು ಚಳಿಗಾಲ ಪೂರ್ತಿ ಅವಳನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಕೆಮ್ಮು ಹೋಯಿತು, ಹಾಡುವಾಗ ನಡುವೆ ಉಸಿರು ಎಳೆದುಕೊಳ್ಳುವ ಚಾಳಿ ಉಳಿಯಿತು. ಎಷ್ಟು ತಿದ್ದಿದರೂ ಹೋಗಲಿಲ್ಲ. ನನ್ನ ಕಾಲು ನಿಂತಿತು. ಉಳಿದ ಹಾಡು ಯಾರು ಹಾಡಿದರೋ, ಹೇಗೆ ಮುಗಿಯಿತೋ ಗೊತ್ತಾಗಲಿಲ್ಲ. ಮುಂದಿನ ರವಿವಾರದೊಳಗೆ ನನ್ನ ಮಗಳು ಸಾಯುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ನಾನು ಮನೆಗೆ ಹೋಗಲಿಲ್ಲ. ಹಿಂದಿನ ನಳದ ಕಟ್ಟೆಯ ಮೇಲೆ ಕೂತು ಎರಡನೇ ಆರಾಧನೆಯವರು ಬರುವುದನ್ನು ಕಾದೆ. ಕಲ್ಪನಾ ಎಲ್ಲರಿಗಿಂತ ಮುಂಚೆ ಬಂದಳು, ಕೈಯಲ್ಲಿ ಪೀಠದ ಮೇಲೆ ಇಡುವ ಸೇವಂತಿಗೆ ಹೂ. ಇಳಿದುಹೋಗಿದ್ದಳು. ನನ್ನನ್ನು ಕಂಡು ಬೆಚ್ಚಿದಳು, ಹತ್ತಿರ ಬಂದು ಮೊದಲು ನನ್ನ ಮುಂಗೈ ಮುಟ್ಟಿ ನೋಡಿದಳು.

"ಬೆಚ್ಚಗ ಅದಿ," ಅಂದಳು.

"ನಾ ಯಾಕ ತಣ್ಣಗಿರಲಿ? ನಿನ್ನ ದನಿ ಕೇಳಿತ ನನಗ ಇವತ್ತ. ಎದುರು ಬೆಂಚಿನಿಂದ."

ಅವಳು ಅಳಲಿಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. "ಗೊತ್ತಿತ್ತ ಅವ್ವಾ. ಹೋದ ರವಿವಾರ ನಮ್ಮ ಆರಾಧನಿಯೊಳಗ ನಿನ್ನ ದನಿ ಬಂತು. ನಿಮ್ಮ ಖಾಲಿ ಬೆಂಚಿನಿಂದ. ಕರುಣಪ್ಪ ಕಾಕಾನ ದನಿ ಬಂದ ಮ್ಯಾಗ ಏನಾತು ನೋಡಿದ್ದೆ. ನನಗ ತಡಿಯಾಕ ಆಗಲಿಲ್ಲ. ಎಲ್ಲಾರೂ ನೋಡಕೋತ ಇದ್ದಂಗ ದಾಟಿ ಹೋಗಿ ನಿನ್ನ ಜಾಗಾದಾಗ ನಿಂತು ನಿನ್ನ ಸಾಲು ನಾ ಹಾಡಿದೆ. ನಿನ್ನ ದನಿ ನಿಂತಿತು."

"ಅದಕ್ಕ ನಾ ಉಳದೆ?"

"ಅದಕ್ಕ ನೀ ಉಳದಿ. ಖರೆ ನಾ ಅಲ್ಲಿ ನಿಂತಾಗ ನಮ್ಮ ಕಡೆ ನನ್ನ ಜಾಗಾ ಖಾಲಿ ಆತಲ್ಲ. ಖಾಲಿ ಬಿಟ್ಟಿದ್ದು ಸತ್ತವರು ತುಂಬಕೋತಾರ. ಒಬ್ಬರ ಎರಡೂ ಕಡೆ ಹೆಂಗ ನಿಂದರ್ತಾರ?"

ಬೆರಳು ತೋರಿಸಿದ್ದ ಮಗಳು. ನಾನು ತಿಂಗಳುಗಟ್ಟಲೆ ಅದನ್ನೇ ಅಗಿಯುತ್ತ ಕೂತಿದ್ದೆ, ಅವಳು ನನ್ನ ಬದಲಿಗೆ ಹೋಗಿ ನಿಂತು ಬಂದಿದ್ದಳು. "ಮೊದಲ ಯಾಕ ಹೇಳಲಿಲ್ಲ? ಇಷ್ಟು ವಾರ ದನಿ ಕೇಳಿ ಸುಮ್ಮನ ಯಾಕಿದ್ದಿ?" ಎಂದು ಗದರಿದೆ. ನನಗೆ ಬೇರೆ ರೀತಿ ಮಾತಾಡಲು ಬರುವುದಿಲ್ಲ.

ಅವಳು ಕೈಯಲ್ಲಿದ್ದ ಹೂವಿನ ಎಸಳು ಬಿಡಿಸತೊಡಗಿದಳು. "ಅಪ್ಪನ ದನಿ ಬರ್ತಿತ್ತವ್ವಾ," ಅಂದಳು. "ನಿಮ್ಮ ಬೆಂಚಿನಿಂದ. ವಾರಾ ವಾರಾ. ಹಾಡು ಕೂಡಿ ಹಾಡಿದರ ಅದು ಹೋಗತೈತಿ ಅಂತ ಅಂಜಿ ನಾ ಯಾರಿಗೂ ಹೇಳಲಿಲ್ಲ. ನಮ್ಮ ಮಾವನವರೂ ಹಂಗ ಸುಮ್ಮನದಾರ. ನಿಮ್ಮ ಆರಾಧನಿಯಾಗ ತಮ್ಮ ಅವ್ವನ ದನಿ ಬರತೈತಿ ಅಂತ ಅವರಿಗೆ ಗೊತ್ತು. ಪ್ರತಿ ರವಿವಾರ ಮುಂಜಾನೆ ಕಂಪೌಂಡಿನ ಹೊರಗ ನಿಂತು ಕೇಳತಾರ."

ನನ್ನ ಗಂಡ ಯೋಹಾನಪ್ಪ ಹೋಗಿ ಬಹಳ ವರ್ಷವಾಯಿತು. ಇಷ್ಟು ವಾರಗಳಿಂದ ಅವನು ನನ್ನದೇ ಬೆಂಚಿನಲ್ಲಿ ಹಾಡುತ್ತಿದ್ದ, ನಾನು ಎದ್ದು ಹೋದ ಮೇಲೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಘಂಟೆ ಹೊಡೆಯಿತು. ನಾನು ಎದ್ದು ಸೆರಗು ಸರಿಮಾಡಿಕೊಂಡೆ.

"ನೀ ನಿನ್ನ ಜಾಗಾದಾಗ ನಿಂದರು. ನಾ ನನ್ನ ಜಾಗಾದಾಗ ನಿಂದರ್ತೀನಿ."

ಬಾಗಿಲಲ್ಲಿ ಸತ್ಯಮಿತ್ರಪ್ಪನವರು ಅಡ್ಡ ಬಂದರು. ಸಭೆಯ ಹಿರಿಯರು, ಇಸ್ತ್ರಿ ಮುರಿಯದ ಬಿಳಿ ಅಂಗಿ. "ರಾಹೇಲವ್ವಾರ, ನಿಮ್ಮ ಆರಾಧನಿ ಮುಗದೈತಲ್ಲ," ಅಂದರು.

"ಇಲ್ಲರಿ ಬೀಗರ. ಅರ್ಧಾ ಹಾಡಿ ಬಿಟ್ಟೀವಿ. ಉಳದದ್ದು ಹಾಡಾಕ ಬಂದೀನಿ."

ಅವರು ನನ್ನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಅವರಿಗೆ ಅರ್ಥವಾಯಿತು ಎಂದು ನನಗೆ ಅನ್ನಿಸಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಎಡಗಡೆಯ ಬೆಂಚುಗಳಲ್ಲಿ ನಾನೊಬ್ಬಳೇ. ನಮ್ಮ ಫ್ಯಾನು ನಿಂತಿತ್ತು, ಅವರದು ತಿರುಗುತ್ತಿತ್ತು. ಬಲಗಡೆಯ ಮಂದಿಯೆಲ್ಲ ನನ್ನನ್ನು ಕದ್ದು ನೋಡಿದರು. ಪ್ರಸಂಗದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಬೆಂಚಿನ ಮೇಲೆ ನನ್ನ ಎಡಕ್ಕೆ ಯೋಹಾನಪ್ಪ ಕೂಡುತ್ತಿದ್ದ ಕಡೆ ಕಟ್ಟಿಗೆ ಸವೆದಿದೆ. ನಾನು ಅತ್ತ ನೋಡಲಿಲ್ಲ. ಆದರೆ ಗಂಜಿಯ ವಾಸನೆ ಬಂತು, ನೂಲಿಗೆ ಹಾಕುವ ಗಂಜಿ, ಅವನ ಅಂಗಿಗೆ ಯಾವಾಗಲೂ ಅಂಟಿಕೊಂಡಿರುತ್ತಿದ್ದದ್ದು. ಬೆಂಚು ಒಮ್ಮೆ ಕಿರ್ ಅಂದಿತು, ಯಾರೋ ಕೂತಂತೆ. ಇನ್ನೊಮ್ಮೆ ಅಂದಿತು.

ಆಶೀರ್ವಾದ ಆಯಿತು. ಎಲ್ಲರೂ ನಡುದಾರಿಗೆ ಮುಖ ಮಾಡಿ ನಿಂತರು. ಕಾಲು ಬಡಿಯಲು ಶುರುವಾಯಿತು.

ಯೋಹಾನಪ್ಪನಿಗೆ ಒಂದು ಚಾಳಿ ಇತ್ತು. ಸಾಲು ಎತ್ತುವ ಮೊದಲು ಬೆರಳ ಗಂಟಿನಿಂದ ಮುಂದಿನ ಬೆಂಚಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಟಕ್ ಟಕ್ ಎಂದು ಕೇಳಿಸಿತು. ನನ್ನ ಸುತ್ತ, ಹಿಂದೆ, ಮುಂದೆ, ಹೆಗಲಿಗೆ ಹೆಗಲು ತಾಕುವಷ್ಟು ಹತ್ತಿರದಲ್ಲಿ ಹಾಡು ಎದ್ದಿತು. "ಎಳೆ ನಾನು, ನೇಯುವವ ನೀನು." ನನ್ನ ಅತ್ತೆಯ ದನಿ, ಕರುಣಪ್ಪನ ದನಿ, ಎಂದೋ ಮರೆತುಹೋದ ಓಣಿಯ ಮುದುಕರ ದನಿ. ಎಡಗಿವಿಯಲ್ಲಿ ಅವನದು. ಬಾಯಿ ತೆರೆದವಳು ಹಾಗೆಯೇ ನಿಂತೆ. ನಾನು ಹಾಡಿದರೆ ಅವನು ನಿಲ್ಲುತ್ತಾನೆ. ಇನ್ನೊಂದು ಸಾಲು ಕೇಳಿಬಿಡುತ್ತೇನೆ ದೇವರೇ, ಒಂದೇ ಒಂದು, ಎಂದು ಮನಸ್ಸು ಬೇಡಿತು.

ಎದುರಿನವರು ತಮ್ಮ ಸಾಲು ಎತ್ತಿದರು. ಕಲ್ಪನಾಳ ತುಟಿ ಆಡುತ್ತಿತ್ತು. ದನಿ ಮಾತ್ರ ಅವಳಿಂದ ಬರುತ್ತಿರಲಿಲ್ಲ. ಅವಳು ನಿಂತಲ್ಲಿಂದ ಬಹಳ ಹಿಂದೆ, ಗೋಡೆಯಾಚೆ ಎಲ್ಲಿಂದಲೋ ಸಣ್ಣಗೆ ಬರುತ್ತಿತ್ತು. "ಕರ್", ಎಂದು ಅಲ್ಲಿ ಉಸಿರು ಎಳೆದಳು. ಆ ಉಸಿರು ಮರಳಿ ಬರಲು ತಡವಾಯಿತು. ಅವಳು ಮುಂದಿನ ಬೆಂಚು ಹಿಡಿದುಕೊಂಡಳು.

ಟಕ್ ಟಕ್ ಎಂದು ಮತ್ತೆ ಕೇಳಿಸಿತು.

ಎರಡನೇ ಚರಣದ ಸಾಲನ್ನು ಅವನಿಗಿಂತ ಮೊದಲು ನಾನು ಎತ್ತಿಕೊಂಡೆ. "ಲಾಳಿ ತಪ್ಪಿದರೆ ಕೈ ಹಿಡಿಯೋ." ಇಂಪಾಗಿ ಅಲ್ಲ. ನನ್ನ ದನಿ ಯಾವತ್ತೂ ಇಂಪಿಲ್ಲ, ಒಡೆದ ಕೊಡ. ಮಗ್ಗದ ಸದ್ದಿನ ಮೇಲೆ ಆಳು ಕರೆದು ಕರೆದು ಬೆಳೆದ ಗಂಟಲು ಅದು. ಅದೇ ಗಂಟಲಿನಲ್ಲಿ ಹಾಡಿದೆ. ಅತ್ತೆಯ ದನಿ ಹೋಯಿತು. ಕರುಣಪ್ಪನದು ಹೋಯಿತು. ಎದುರಿನಲ್ಲಿ ಕಲ್ಪನಾಳ ಸಾಲು ಬಂತು, ಈ ಸಲ ಸ್ವಲ್ಪ ಹತ್ತಿರದಿಂದ.

ಕೊನೆಯ ಚರಣಕ್ಕೆ ಬಂದಾಗ ನನ್ನ ಕಡೆ ಉಳಿದದ್ದು ಅವನೊಬ್ಬನೇ. ಅವನ ದನಿ ಮೆಲ್ಲಗಿತ್ತು, ಕೇಳಿಕೊಳ್ಳುವಂತಿತ್ತು. ಬದುಕಿದ್ದಾಗ ಈ ಮನುಷ್ಯನ ಎದುರು ನಾನೆಂದೂ ದನಿ ತಗ್ಗಿಸಿದವಳಲ್ಲ, ಅವನೂ ಎಂದೂ ಏರಿಸಿದವನಲ್ಲ. ನನ್ನ ಕಣ್ಣು ಹರಿಯುತ್ತಿತ್ತು. "ನೇಯ್ದು ಮುಗಿದರೆ ಮಡಿಚಿ ಒಯ್ಯೋ," ಎಂದು ಅವನ ದನಿಯ ಮೇಲೆ ಹಾಡಿದೆ. ಅದು ಅಡಗಿತು. ಗಂಜಿಯ ವಾಸನೆಯೂ ಹೋಯಿತು. ನಡುದಾರಿಯಾಚೆಯಿಂದ ನನ್ನ ಮಗಳು, ತನ್ನ ಸ್ವಂತ ಎದೆಯಿಂದ, ನಡುವೆ ಉಸಿರು ಎಳೆದುಕೊಂಡು ಉತ್ತರ ಕೊಟ್ಟಳು, "ಹರಿದಲ್ಲಿ ಗಂಟಿಕ್ಕು, ಕರ್... ತನೇ."

ಕಲ್ಪನಾ ಉಳಿದಳು. ಮುಂದಿನ ರವಿವಾರ ಎರಡನೇ ಆರಾಧನೆಗೆ ರೂತವ್ವನೂ ಬಂದು ನನ್ನ ಪಕ್ಕ ನಿಂತಳು, ಯಾಕೆ ಬಂದಳೆಂದು ನಾನು ಕೇಳಲಿಲ್ಲ. ಒಬ್ಬೊಬ್ಬರಾಗಿ ನಮ್ಮ ಕಡೆಯವರೆಲ್ಲ ಬಂದರು. ಪ್ರೀತಿ ಉಕ್ಕಿ ಬಂದರು ಎಂದು ಅಯ್ಯನವರು ಈಗಲೂ ಪ್ರಸಂಗದಲ್ಲಿ ಹೇಳುತ್ತಾರೆ, ಹೇಳಲಿ. ಮುಂಜಾನೆಯ ಆರಾಧನೆ ತಾನಾಗಿ ನಿಂತಿತು. ಸತ್ಯಮಿತ್ರಪ್ಪನವರು ಕೆಲವು ರವಿವಾರ ಆ ಹೊತ್ತಿಗೇ ಬಂದು ಕಂಪೌಂಡಿನ ಹೊರಗೆ ಸುಮ್ಮನೆ ನಿಂತಿರುತ್ತಿದ್ದರು. ಒಂದು ದಿನ ನಾನೇ ಹೋಗಿ, ಬರ್ರಿ ಬೀಗರ, ಬಿಸಿಲೈತಿ ಎಂದು ಒಳಗೆ ಕರೆದೆ. ಫ್ಯಾನು ಎರಡೂ ಹಾಗೆಯೇ ತೂಗುತ್ತಿವೆ, ಯಾರೂ ಹಚ್ಚುವುದಿಲ್ಲ. ಎಲ್ಲರೂ ಒಟ್ಟಿಗೆ ಬೆವರುತ್ತೇವೆ.

ನಾನು ಬಹಳ ಜೋರಾಗಿ ಹಾಡುತ್ತೇನೆಂದು ಅಯ್ಯನವರಿಗೆ ಬೇಸರ. ಮೆಲ್ಲಗೆ ಹಾಡಿರಿ ಅನ್ನುತ್ತಾರೆ, ನಡುನಡುವೆ ಉಸಿರು ತೊಗೊಳ್ಳಿರಿ ಅನ್ನುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಒಂದು ಸಲ ತೆಗೆದುಕೊಂಡಿದ್ದೆ. ಆ ಒಂದು ಉಸಿರಿನ ಹೊತ್ತಿನಲ್ಲಿ ಎಡಗಡೆಯಿಂದ ಟಕ್ ಟಕ್ ಎಂದಿತು. ಅವನು ಅಲ್ಲೇ ಇದ್ದಾನೆ, ನಾನು ಸಾಲು ಬಿಟ್ಟುಕೊಡುವುದನ್ನೇ ಕಾಯುತ್ತಿದ್ದಾನೆ. ಬಿಟ್ಟುಕೊಡಲು ನನಗೆಷ್ಟು ಆಸೆ ಎಂಬುದು ಅವನಿಗೂ ಗೊತ್ತು. ಆಗ ಎದುರು ಬೆಂಚಿನಲ್ಲಿ ನಿಂತ ಮಗಳ ಮುಖ ನೋಡುತ್ತೇನೆ, ನನ್ನ ಸಾಲನ್ನು ನಾನೇ ಹಾಡುತ್ತೇನೆ.